ಡಿಕ್ಕಿಯಲ್ಲಿ ನಿಂತ ನೀರು, ಪಕಾಸಿಯ ಮೇಲಿನ ಇದ್ದಿಲ ಗೆರೆ

ಕಳೆದ ವರ್ಷ ಪುನರ್ವಸು ಮಳೆ ಹಿಡಿದ ಮೂರನೆಯ ದಿನ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಕಾರಿನ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಹೆಂಡತಿ ಕೊಡೆ ಹಿಡಿದು ನಿಂತಳು. ನಾನು ಡಿಕ್ಕಿ ತೆರೆದು, ಸಾಮಾನುಗಳನ್ನೆಲ್ಲ ಹಿಂದಿನ ಸೀಟಿಗೆ ಸಾಗಿಸಿ, ನೆಲಹಾಸನ್ನು ಎತ್ತಿದೆ. ಸ್ಟೆಪ್ನಿ ಕೂರುವ ಗುಂಡಿಯ ತುಂಬ ಕೆಸರು ಬಣ್ಣದ ನೀರು ನಿಂತಿತ್ತು. ಜಾಕಿ ಅದರ ತಳದಲ್ಲಿ ಮುಳುಗಿತ್ತು. ಸ್ಪ್ಯಾನರಿನ ಮೇಲೆ ತುಕ್ಕು ಪದರಪದರವಾಗಿ ಎದ್ದು, ಮುಟ್ಟಿದರೆ ಇಟ್ಟಿಗೆಪುಡಿಯಂತೆ ಕೈಗೆ ಅಂಟುತ್ತಿತ್ತು. ಸ್ಟೆಪ್ನಿಯನ್ನು ಹಿಡಿದಿಡುವ ಬೋಲ್ಟಂತೂ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಆ ದಾರಿಯಲ್ಲಿ ಬಂದ ಜೀಪಿನವರೊಬ್ಬರು ನಿಲ್ಲಿಸಿ, ತಮ್ಮ ಉದ್ದ ಹಿಡಿಯ ಸ್ಪ್ಯಾನರ್ ಕೊಟ್ಟು, ತಾವೂ ಮಳೆಯಲ್ಲಿ ನೆನೆದು ಸಹಾಯ ಮಾಡಿದ್ದರಿಂದ ಮುಂದಕ್ಕೆ ಹೋಗುವುದು ಸಾಧ್ಯವಾಯಿತು.

ಮನೆಗೆ ಬಂದ ಮೇಲೆ ಒಂದು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ ಆ ನೀರನ್ನು ಮೊಗೆದೆ. ಐದೂವರೆ ಬಾಟಲಿ ಬಂತು. ಜೂನ್ ತಿಂಗಳಿನಿಂದ ಕಾರಿನೊಳಗೆ ಮುಗ್ಗಲು ವಾಸನೆ ಏಕೆ ಬರುತ್ತಿತ್ತು, ಬೆಳಗ್ಗೆ ಗಾಜುಗಳ ಒಳಮೈಯಲ್ಲಿ ಮಂಜು ಏಕೆ ಕಟ್ಟುತ್ತಿತ್ತು, ತಿರುವುಗಳಲ್ಲಿ ಹಿಂದಿನಿಂದ ಕೇಳುತ್ತಿದ್ದ, ಪೆಟ್ರೋಲ್ ಟ್ಯಾಂಕಿನದೆಂದು ನಾವು ತಿಳಿದಿದ್ದ ಕುಳುಕುಳು ಸದ್ದು ಯಾವುದು ಎಂಬುದೆಲ್ಲ ಒಟ್ಟಿಗೇ ಗೊತ್ತಾಯಿತು.

ಕಾರಿನ ಹಿಂಬದಿಯ ಸಾಮಾನಿನ ಪೆಟ್ಟಿಗೆಗೆ ನಾವು ಹೇಳುವ ಡಿಕ್ಕಿ ಎಂಬ ಮಾತು ಹಳೆಯ ಕಾಲದ ಕಾರುಗಳ ಹಿಂದೆ ಹೊರಕ್ಕೆ ತೆರೆದುಕೊಳ್ಳುತ್ತಿದ್ದ ಡಿಕಿ ಸೀಟಿನಿಂದ ಬಂದದ್ದು. ಸ್ಟೆಪ್ನಿಯ ಹೆಸರು ಬಂದದ್ದು ಒಂದು ಬೀದಿಯಿಂದ. ಕಾರುಗಳಿಗೆ ಬಿಡಿ ಚಕ್ರವೇ ಇಲ್ಲದಿದ್ದ ಕಾಲದಲ್ಲಿ, 1904ರಲ್ಲಿ, ವೇಲ್ಸಿನ ಲನೆಲ್ಲಿ ಎಂಬ ಊರಿನ ಡೇವೀಸ್ ಸಹೋದರರು ಪಂಕ್ಚರ್ ಆದ ಚಕ್ರದ ಮೇಲೆಯೇ ಬಿಗಿದು ಕಟ್ಟಬಹುದಾದ, ಕಡ್ಡಿಗಳಿಲ್ಲದ ಒಂದು ಗಾಲಿಯನ್ನು ತಯಾರಿಸಿದರು. ಅವರ ಅಂಗಡಿಯಿದ್ದ ಸ್ಟೆಪ್ನಿ ಬೀದಿಯ ಹೆಸರೇ ಅದಕ್ಕೆ ಬಂತು. ಆ ಹೆಚ್ಚುವರಿ ಚಕ್ರವನ್ನು ಇಡಲು ಮುಂದೆ ಡಿಕ್ಕಿಯ ನೆಲದಲ್ಲಿ ಒಂದು ಗುಂಡಿ ಮಾಡಿದರು. ನಮ್ಮ ಕಾರಿನ ಹಿಂಭಾಗದಲ್ಲಿ ಅತ್ಯಂತ ತಗ್ಗಿನ ಜಾಗ ಅದೇ. ಮೇಲೆ ಎಲ್ಲೇ ತೂತಿರಲಿ, ನೀರು ಕಡೆಗೆ ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ಗುಂಡಿಯಲ್ಲಿ ನೀರು ಕಂಡಾಗ, ನೀರು ಒಳಗೆ ಬಂದಿದೆ ಎಂಬುದೊಂದು ಬಿಟ್ಟರೆ ಬೇರೇನೂ ನಮಗೆ ತಿಳಿಯುವುದಿಲ್ಲ. ಈ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪಟ್ಟಣದ ಒಂದು ಗ್ಯಾರೇಜಿಗೆ ಕೊಂಡೊಯ್ದು, ಡಿಕ್ಕಿ ಸೋರುತ್ತಿದೆ ಎಂದೆ. ಅಲ್ಲಿಯ ಹುಡುಗ ಸಿಲಿಕಾನ್ ಟ್ಯೂಬು ತಂದು, ಹಿಂಬದಿಯ ಎರಡೂ ದೀಪಗಳ ಸುತ್ತ, ಹಿಂಗಾಜಿನ ಕೆಳಗೆ, ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗಿನ ಬುಡದಲ್ಲಿ, ಹೀಗೆ ಕಣ್ಣಿಗೆ ಕಂಡ ಸಂದುಗಳಿಗೆಲ್ಲ ಹಚ್ಚಿ, ಬೆರಳಿನಿಂದ ಒರೆಸಿ, ಅರ್ಧ ಗಂಟೆಯಲ್ಲಿ ಕಳಿಸಿಕೊಟ್ಟ. ಕಾರಿನ ತುಂಬ ವಿನೆಗರಿನಂಥ ಹುಳಿ ವಾಸನೆ. ಮಾರನೆಯ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ನೋಡಿದರೆ ಗುಂಡಿಯಲ್ಲಿ ಮತ್ತೆ ಎರಡು ಬಾಟಲಿ ನೀರು.

ಆ ಹುಡುಗನನ್ನು ನಾನು ದೂರುವುದಿಲ್ಲ. ಅರ್ಧ ಗಂಟೆಯ ಕೂಲಿಗೆ ಎರಡು ದಿನದ ಹುಡುಕಾಟ ಮಾಡು ಎಂದು ಯಾರಿಗೂ ಹೇಳಲಾಗದು. ಆದರೆ ಹುಡುಕದೆ ಹಚ್ಚಿದ ಸಿಲಿಕಾನ್ ಮುಂದಿನ ಕೆಲಸವನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲೇಬೇಕು. ಹುಳಿ ವಾಸನೆಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ; ಬಣ್ಣ ಕಿತ್ತುಹೋಗಿ ಬರಿಯ ತಗಡು ಕಾಣುತ್ತಿರುವ ಕಡೆ ಅದನ್ನು ಹಚ್ಚಿದರೆ, ಮೇಲೆ ಮುಚ್ಚಿದಂತೆ ಕಂಡರೂ ಕೆಳಗೆ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಬರುವ ದಾರಿಯನ್ನು ಮುಚ್ಚದೆ, ಒಳಗೆ ಬಂದ ನೀರು ಹೊರಗೆ ಹೋಗುವ ದಾರಿಯನ್ನು ಮುಚ್ಚಿಬಿಡುವುದೂ ಉಂಟು.

ಮನೆಯ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಅಪ್ಪಯ್ಯ ಇದನ್ನೆಲ್ಲ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಕೇಳಿದರು: "ತಮ್ಮಾ, ನೀರು ಬೀಳೋ ಜಾಗಾನೇ ನೋಡ್ತಾ ಕೂತಿದೀಯಲ್ಲ, ಪಕಾಸಿ ನೋಡಿದ್ಯಾ?"

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನಡುಮನೆಯ ಮಧ್ಯದಲ್ಲಿ ತೊಟ್ಟಿಕ್ಕುವ ನೀರು, ಒಡೆದ ಹೆಂಚಿನ ನೇರ ಕೆಳಗೆ ಬೀಳುವುದು ಅಪರೂಪ. ಮೇಲೆಲ್ಲೋ ಒಂದು ಹೆಂಚಿನ ಸಂದಿನಲ್ಲಿ ಒಳಬಂದ ನೀರು ಹೆಂಚು ಕೂರುವ ರೀಪಿನ ಮೇಲೆ ಹರಿದು, ರೀಪನ್ನು ಹೊತ್ತ ಇಳಿಜಾರಿನ ಮರವಾದ ಪಕಾಸಿಗೆ ಇಳಿದು, ಅದರ ಅಡಿಮೈಗೆ ಅಂಟಿಕೊಂಡೇ ನಾಲ್ಕಾರು ಅಡಿ ಜಾರಿ, ಮರದಲ್ಲಿ ಒಂದು ಗಂಟೋ ಮೊಳೆಯೋ ಅಡ್ಡ ಸಿಕ್ಕ ಕಡೆ ಕೆಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿದ ಮೇಲೂ ಮೊದಲ ಮಳೆಗೆ ಎಲ್ಲಾದರೂ ಸೋರಿದರೆ, ಅಪ್ಪಯ್ಯ ಕೂಡಲೇ ಮಾಡು ಹತ್ತುತ್ತಿರಲಿಲ್ಲ. ಏಣಿ ಹಾಕಿ ಒಳಗಿನಿಂದ ಹತ್ತಿ, ಬ್ಯಾಟರಿ ಬಿಟ್ಟು, ಪಕಾಸಿಯ ಮೇಲೆ ಒದ್ದೆಯಾದ ಜಾಡು ಎಲ್ಲಿಂದ ಶುರುವಾಗಿದೆಯೋ ಅಲ್ಲಿಯವರೆಗೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದರು. ಮಳೆ ನಿಂತು, ಮರ ಒಣಗಿ, ಜಾಡು ಅಳಿಸಿಹೋದರೂ ಗೆರೆ ಉಳಿಯುತ್ತಿತ್ತು. ಆ ಗೆರೆಯ ತುದಿಯಲ್ಲಿರುವ ಹೆಂಚೊಂದನ್ನು ಬದಲಿಸಿದರೆ ಕೆಲಸ ಮುಗಿಯುತ್ತಿತ್ತು. ನಮ್ಮ ಮನೆಯ ಪಕಾಸಿಗಳ ಮೇಲೆ ಅಂಥ ಗೆರೆಗಳು ಇಂದಿಗೂ ಇವೆ.

ಕಾರಿನ ಡಿಕ್ಕಿಯಲ್ಲೂ ಪಕಾಸಿಗಳಿವೆ. ತಗಡಿನ ಮಡಿಕೆಗಳು, ಹಿಂಗಾಲಿಯ ಕಮಾನಿನ ಒಳಮೈ, ದೀಪಗಳಿಗೆ ಹೋಗುವ ವೈರಿನ ಕಟ್ಟುಗಳು, ಇವುಗಳ ಮೇಲೆ ನೀರು ಗೇಣುಗಟ್ಟಲೆ, ಮೊಳಗಟ್ಟಲೆ ಸದ್ದಿಲ್ಲದೆ ಪಯಣಿಸುತ್ತದೆ. ಅವುಗಳನ್ನು ನೋಡಬೇಕಾದರೆ ಒಳಗಿನ ಹೊದಿಕೆಯನ್ನೆಲ್ಲ ಬಿಚ್ಚಬೇಕು. ನೆಲಹಾಸು, ಪಕ್ಕದ ಫೆಲ್ಟಿನ ಹೊದಿಕೆಗಳು, ಸ್ಟೆಪ್ನಿ, ಜಾಕಿ, ಹಿಂದಿನ ಸೀಟಿನ ಬೆನ್ನು, ಎಲ್ಲವನ್ನೂ ತೆಗೆದೆ. ಹೊದಿಕೆಗಳ ಹಿಂಬದಿಯಲ್ಲಿ ಬೂಷ್ಟು ಬಂದಿತ್ತು. ಆಷಾಢದ ಆ ದಿನಗಳಲ್ಲಿ ಬಿಸಿಲು ಎಲ್ಲಿಯದು? ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ತೂಗುಹಾಕಿದ ಅವು ಆರಲು ನಾಲ್ಕು ದಿನ ತೆಗೆದುಕೊಂಡವು. ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ: ನೆಲಹಾಸಿನ ಮೇಲ್ಮೈ ಮುಟ್ಟಿದಾಗ ಒಣಗಿದಂತೆ ಕಂಡರೂ ಅಡಿಯ ಫೆಲ್ಟು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಹಾಗೆಯೇ ಮತ್ತೆ ಹಾಸಿದರೆ, ಸೋರಿಕೆ ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದೇ ಇಲ್ಲ.

ತೀರ್ಥಹಳ್ಳಿಯಲ್ಲಿ ಟಿಂಕರಿಂಗ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಮೂವತ್ತು ವರ್ಷದಿಂದ ತಗಡು ಬಡಿದು ಕಿವಿ ಮಂದವಾಗಿದೆ, ಕಣ್ಣು ಮಾತ್ರ ಚುರುಕು. ಬಿಚ್ಚಿದ ಡಿಕ್ಕಿಯೊಳಗೆ ತಲೆ ಹಾಕಿ ಒಂದು ನಿಮಿಷ ನೋಡಿ ಹೇಳಿದರು: "ಮೇಷ್ಟ್ರೇ, ಮೊದ್ಲು ಈ ಸಿಲಿಕಾನ್ ಅಷ್ಟೂ ಕೆರೆದು ತೆಗೀರಿ. ಆಮೇಲೆ ಮಾತಾಡಣ. ಎಡಗಡೆ ಈ ಮೂಲೆ ಯಾವಾಗ್ಲೋ ಗುದ್ದಿಸಿ ರಿಪೇರಿ ಆಗಿದೆ, ಗೊತ್ತಿತ್ತಾ?" ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೊಂಡ, ಆಗಲೇ ಒಂಬತ್ತು ವರ್ಷ ಓಡಿದ್ದ ಕಾರು ಅದು. ಅವರು ಬೆರಳಿಟ್ಟು ತೋರಿಸಿದರು. ಬಲಬದಿಯಲ್ಲಿ ಎರಡು ತಗಡುಗಳು ಕೂಡುವ ಕಡೆ ಕಾರ್ಖಾನೆಯಲ್ಲೇ ಹಚ್ಚಿದ ಸೀಲರ್ ಒಂದೇ ಅಗಲದ ಪಟ್ಟಿಯಾಗಿ ನೇರವಾಗಿತ್ತು. ಎಡಬದಿಯಲ್ಲಿ ಅದೇ ಜಾಗದಲ್ಲಿ ಸೀಲರ್ ಉಂಡೆಯುಂಡೆಯಾಗಿ, ಅದರ ಮೇಲೆ ಸಿಂಪಡಿಸಿದ ಬಣ್ಣ ಒರಟಾಗಿತ್ತು. ಹಳೆಯ ಕಾರು ಕೊಳ್ಳುವವರು ಡಿಕ್ಕಿಯ ನೆಲಹಾಸನ್ನು ಎತ್ತಿ ಎರಡೂ ಬದಿಯ ಈ ಕೂಡುಗೆರೆಗಳನ್ನು ಹೋಲಿಸಿ ನೋಡಿದರೆ, ಹಿಂದಿನಿಂದ ಪೆಟ್ಟು ಬಿದ್ದ ಗಾಡಿಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಅಂದಿನಿಂದ ನಾನೊಂದು ನೋಟ್‌ಬುಕ್ ಇಟ್ಟೆ. ಪ್ರತಿ ದಿನ ಬೆಳಗ್ಗೆ ಗುಂಡಿಯ ನೀರನ್ನು ಅಳತೆಯ ಬಾಟಲಿಗೆ ಮೊಗೆದು ಬರೆಯುವುದು, ಅದರ ಪಕ್ಕದಲ್ಲಿ ಹಿಂದಿನ ದಿನ ಕಾರು ಓಡಿತ್ತೋ ನಿಂತಿತ್ತೋ, ನಿಂತಿದ್ದರೆ ಮೂತಿ ಯಾವ ಕಡೆಗಿತ್ತು ಎಂದು ಬರೆಯುವುದು. ನಮ್ಮ ಅಂಗಳ ಇಳಿಜಾರಿನದು. ಕಾರನ್ನು ಒಳಗೆ ತಂದು ಹಾಗೆಯೇ ನಿಲ್ಲಿಸಿದರೆ ಮೂತಿ ಮೇಲಕ್ಕೆ, ತಿರುಗಿಸಿ ನಿಲ್ಲಿಸಿದರೆ ಮೂತಿ ಕೆಳಕ್ಕೆ. ಹತ್ತು ದಿನದ ಬರಹ ಸೇರಿದಾಗ ಒಂದು ಸಂಗತಿ ಎದ್ದು ಕಂಡಿತು. ಮೂತಿ ಮೇಲಕ್ಕೆ ನಿಂತ ರಾತ್ರಿಗಳಲ್ಲಿ ನೀರು ಒಂದೂವರೆ ಲೀಟರಿನವರೆಗೂ ಹೋಗಿತ್ತು. ಮೂತಿ ಕೆಳಕ್ಕೆ ನಿಂತ ರಾತ್ರಿಗಳಲ್ಲಿ, ಅಷ್ಟೇ ಮಳೆಗೆ, ಅರ್ಧ ಲೀಟರ್ ದಾಟಿರಲಿಲ್ಲ. ರಾತ್ರಿ ಕೊಟ್ಟಿಗೆಯಲ್ಲಿ ನಿಂತು, ಹಗಲು ಮಾತ್ರ ಮಳೆಯಲ್ಲಿ ಓಡಿದ ದಿನಗಳಲ್ಲೂ ಸ್ವಲ್ಪ ನೀರಿತ್ತು. ಅಂದರೆ ದಾರಿ ಒಂದೇ ಅಲ್ಲ. ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದು, ಎಷ್ಟು ಖರ್ಚು ಮಾಡಿದರೂ ಸೋರಿಕೆ ನಿಲ್ಲಲಿಲ್ಲ ಎಂದು ಬೇಸರಪಡುವವರ ಗಾಡಿಗಳಲ್ಲಿ ಅನೇಕ ವೇಳೆ ಹೀಗೆಯೇ ಆಗಿರುತ್ತದೆ ಎಂದು ನನಗೀಗ ಅನಿಸುತ್ತದೆ: ಒಂದು ತೂತನ್ನು ಸರಿಯಾಗಿಯೇ ಮುಚ್ಚಿರುತ್ತಾರೆ, ಇನ್ನೊಂದು ಉಳಿದಿರುತ್ತದೆ, ಮುಚ್ಚಿದ ಕೆಲಸವೇ ತಪ್ಪೆಂದು ಅದನ್ನೂ ಕಿತ್ತುಹಾಕುತ್ತಾರೆ.

ಜಿಲ್ಲೆಯ ಶಾಲೆಗಳಿಗೆ ಮಳೆ ರಜೆ ಕೊಟ್ಟ ದಿನ, ನಡುವೆ ಹೊಳವಾದಾಗ, ಪೈಪಿನ ಪರೀಕ್ಷೆಗೆ ತೊಡಗಿದೆವು. ಡಿಕ್ಕಿಯ ಒಳಮೈಯನ್ನು ಬಟ್ಟೆಯಿಂದ ಒರೆಸಿ, ಜರಡಿ ಹಿಡಿದ ಒಲೆಯ ಬೂದಿಯನ್ನು ತೆಳುವಾಗಿ ಉದುರಿಸಿದೆ. ಟಾಲ್ಕಂ ಪೌಡರ್ ಹಾಕಿದರೂ ಆಗುತ್ತದೆ; ಒಂದೇ ಹನಿ ಹರಿದರೂ ಅದರ ಜಾಡು ಕಪ್ಪು ಗೆರೆಯಾಗಿ ಕಾಣುತ್ತದೆ. ಹಿಂದಿನ ಸೀಟಿನ ಬೆನ್ನು ತೆಗೆದಿದ್ದರಿಂದ ಆ ಕಡೆಯಿಂದ ಒಳಗೆ ನುಸುಳಿ, ಟಾರ್ಚ್ ಹಿಡಿದು ಮಲಗಿದೆ. ಡಿಕ್ಕಿ ಬಾಗಿಲನ್ನು ಹೆಂಡತಿ ಹಾಕಿದಳು. ಹೀಗೆ ಸೀಟಿನ ಕಡೆಯಿಂದ ಹೊರಬರುವ ದಾರಿ ಇಲ್ಲದಿದ್ದರೆ ಯಾರೂ ಡಿಕ್ಕಿಯೊಳಗೆ ಸೇರಿಕೊಂಡು ಬಾಗಿಲು ಹಾಕಿಸಿಕೊಳ್ಳಬಾರದು, ಮಕ್ಕಳನ್ನಂತೂ ಈ ಕೆಲಸಕ್ಕೆ ಇಳಿಸಲೇಬಾರದು.

ಪೈಪಿನ ತುದಿಗೆ ಬೆರಳಿಟ್ಟು ಚಿಮ್ಮಿಸಬಾರದು. ಗದ್ದೆಗೆ ಬಿಡುವಂತೆ ಮೆಲ್ಲಗೆ ಹರಿಸಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಯ ಮೇಲೆ ನೀರು ಬಿಟ್ಟರೆ ಅದು ಗಾಜು, ಬೀಡಿಂಗು, ದೀಪ ಎಲ್ಲವನ್ನೂ ತೋಯಿಸಿಕೊಂಡೇ ಇಳಿಯುವುದರಿಂದ, ಯಾವುದರಿಂದ ಒಳಗೆ ಬಂತೆಂದು ಹೇಳಲು ಸಾಧ್ಯವಿಲ್ಲ. ಪ್ರತಿ ಜಾಗಕ್ಕೂ ಹತ್ತು ನಿಮಿಷ ಕೊಡಬೇಕು, ಏಕೆಂದರೆ ನೀರು ಒಳಗಿನ ಮಡಿಕೆ ತುಂಬಿ ಹೊರಚೆಲ್ಲಲು ಅಷ್ಟು ಹೊತ್ತು ಹಿಡಿಯಬಹುದು.

"ರೀ, ಬಂಪರ್ ಹತ್ರ ಆಯ್ತು. ಈಗ ಎಡಗಡೆ ಲೈಟಿನ ಬುಡಕ್ಕೆ ಬಿಡ್ತಿದೀನಿ" ಎಂದಳು. ನಾಲ್ಕು ನಿಮಿಷ ಏನೂ ಇಲ್ಲ. ತಗಡಿನ ಮೇಲೆ ನೀರಿನ ಸದ್ದು ಮಾತ್ರ. ಆಮೇಲೆ, ದೀಪವನ್ನು ಹಿಡಿದಿರುವ ಮೂರು ನಟ್ಟುಗಳಲ್ಲಿ ಕೆಳಗಿನದರ ಸುತ್ತ ಬೆಳಕು ಸಣ್ಣಗೆ ಮಿಂಚಿತು. ಟಾರ್ಚನ್ನು ಹತ್ತಿರ ಹಿಡಿದೆ. ಸಾಸಿವೆಯಷ್ಟಿದ್ದ ಹನಿ ಕಡಲೆಯಷ್ಟಾಯಿತು, ನಟ್ಟಿನ ಮೂಲೆಯಲ್ಲಿ ತೂಗಿತು, ಆದರೆ ಬೀಳಲಿಲ್ಲ. ಪಕ್ಕದಲ್ಲೇ ಹಾದುಹೋಗುವ ವೈರಿನ ಕಟ್ಟನ್ನು ಮುಟ್ಟಿದ್ದೇ ತಡ, ಅದರ ಕಪ್ಪು ಟೇಪಿನ ಮೇಲೆ ಚಪ್ಪಟೆಯಾಗಿ ಹರಡಿ, ಒಂದು ಗೇಣು ದೂರ ಜಾರಿ, ಟೇಪು ಮುಗಿಯುವ ಕಡೆ ಮತ್ತೆ ಉಂಡೆಯಾಗಿ, ಗಾಲಿಯ ಕಮಾನಿನ ಬೂದಿಯ ಮೇಲೆ ತಟ್ಟನೆ ಬಿತ್ತು. ಅಲ್ಲಿಂದ ಕಪ್ಪು ಗೆರೆಯೊಂದು ಅಂಕುಡೊಂಕಾಗಿ ಗುಂಡಿಯ ಅಂಚಿನವರೆಗೆ ಇಳಿಯಿತು. ಅದರ ಹಿಂದೆಯೇ ಎರಡನೆಯ ಹನಿ. ಇಷ್ಟು ದಿನ ಕಾಣದೆ ಕಾಡಿದ್ದು ಕಣ್ಣೆದುರಿಗೆ ನಡೆದಾಗ ಆದ ಸಂತೋಷವನ್ನು ಹೇಳಲಾರೆ. ಹೊರಗಿದ್ದವಳನ್ನೂ ಕರೆದು ತೋರಿಸಿದೆ.

ದೀಪ ಬಿಚ್ಚಿದಾಗ ಕಾರಣ ಸ್ಪಷ್ಟವಾಯಿತು. ದೀಪಕ್ಕೂ ತಗಡಿಗೂ ನಡುವೆ ಇರುವ ಸ್ಪಂಜಿನ ಗ್ಯಾಸ್ಕೆಟ್ ಕಾಲಾಂತರದಲ್ಲಿ ಅಪ್ಪಚ್ಚಿಯಾಗಿ, ಕೆಳಗಿನ ಮೂಲೆಯಲ್ಲಿ ಹರಿದಿತ್ತು. ಹಳೆಯ ಸ್ಪಂಜನ್ನೂ ಅಂಟನ್ನೂ ಪೂರ್ತಿ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಕಪ್ಪು ಬ್ಯುಟೈಲ್ ಟೇಪನ್ನು ಸುತ್ತ ಒತ್ತಿ, ನಟ್ಟುಗಳ ಬುಡಕ್ಕೂ ಒಂದೊಂದು ಸುತ್ತು ಹಾಕಿ, ದೀಪವನ್ನು ಕೂರಿಸಿದೆ. ನಟ್ಟನ್ನು ಬಿಗಿಯುವಾಗ ಕೈ ತಡೆಯಬೇಕು. ಹೆಚ್ಚು ಬಿಗಿದರೆ ದೀಪದ ಪ್ಲಾಸ್ಟಿಕ್ಕೇ ಸೀಳುತ್ತದೆ. ವೈರಿನ ಕಟ್ಟನ್ನು ಸ್ವಲ್ಪ ಸಡಿಲಿಸಿ, ದೀಪಕ್ಕೆ ಸೇರುವ ಮೊದಲು ಕೆಳಕ್ಕೆ ಜೋಲುವಂತೆ ಬಿಟ್ಟೆ. ಮುಂದೆಂದಾದರೂ ಹನಿ ಬಂದರೂ ಅದು ಆ ಜೋಲಿನ ತಗ್ಗಿನಲ್ಲೇ ಬಿದ್ದು ಕಣ್ಣಿಗೆ ಕಾಣಲಿ ಎಂದು.

ಬೀಡಿಂಗಿನ ಮೇಲೆ ಎಲ್ಲರ ಅನುಮಾನ ಮೊದಲು ಹೋಗುತ್ತದೆ. ನಮ್ಮ ಕಾರಿನಲ್ಲಿ ಅದು ನಿರಪರಾಧಿಯಾಗಿತ್ತು. ಒಂದು ಕಾಗದದ ಪಟ್ಟಿಯನ್ನು ಬೀಡಿಂಗಿನ ಮೇಲಿಟ್ಟು ಡಿಕ್ಕಿ ಮುಚ್ಚಿ ಎಳೆದು ನೋಡಿದರೆ, ಹಿಡಿತ ಇದ್ದಲ್ಲಿ ಕಾಗದ ಬಿಗಿಯಾಗಿ ಬರುತ್ತದೆ, ಇಲ್ಲದ ಕಡೆ ಸಲೀಸಾಗಿ ಜಾರುತ್ತದೆ. ಸುತ್ತಲೂ ಹೀಗೆ ನೋಡಿದೆ. ಎಲ್ಲ ಕಡೆ ಬಿಗಿಯೇ ಇತ್ತು. ಬೀಡಿಂಗ್ ಮೆತ್ತಗಾಗಲೆಂದು ಸೀಮೆಎಣ್ಣೆಯನ್ನೋ ಡೀಸೆಲನ್ನೋ ಒರೆಸುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬೀಡಿಂಗಿಗೆ ಸಾಮಾನ್ಯವಾಗಿ ಬಳಸುವ ರಬ್ಬರು ಬಿಸಿಲು ಮಳೆಗಳನ್ನು ಚೆನ್ನಾಗಿ ತಾಳುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಕೆಡುತ್ತದೆ. ಬೇಕಿದ್ದರೆ ಸಿಲಿಕಾನ್ ಗ್ರೀಸನ್ನು ಸವರಬಹುದು.

ದೀಪ ಸರಿಯಾದ ಮೇಲೆ ಮೂತಿ ಕೆಳಕ್ಕೆ ನಿಂತ ರಾತ್ರಿಗಳ ಲೆಕ್ಕ ಸೊನ್ನೆಗೆ ಇಳಿಯಿತು. ಮೂತಿ ಮೇಲಕ್ಕೆ ನಿಂತರೆ ಇನ್ನೂ ಮುಕ್ಕಾಲು ಲೀಟರ್ ಬರುತ್ತಿತ್ತು, ಮಳೆಯಲ್ಲಿ ಓಡಿದರೆ ಒಂದೆರಡು ಲೋಟ. ಓಡಿದಾಗಿನದನ್ನು ಮೊದಲು ಹಿಡಿದೆವು. ಬೂದಿಯ ಮೇಲಿನ ಜಾಡು ಎಡಗಡೆಯ ಕೆಳಮೂಲೆಯಿಂದ, ಬಂಪರಿನ ಹಿಂದಿನಿಂದ ಬಂದಿತ್ತು. ಅಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ತೆಳುವಾದ ರಬ್ಬರ್ ರೆಕ್ಕೆಗಳು ಇರುತ್ತವೆ. ಬ್ಲೋವರ್ ಒಳಕ್ಕೆ ಊದಿದ ಗಾಳಿ, ಬಾಗಿಲು ಹಾಕಿದಾಗ ಒಳಗೆ ಒತ್ತರಿಸುವ ಗಾಳಿ ಹೊರಗೆ ಹೋಗಲು ಮಾಡಿದ ಕಿಂಡಿ ಅದು. ಗಾಳಿ ಹೊರಗೆ ಹೋಗುವಾಗ ರೆಕ್ಕೆ ತೆರೆಯುತ್ತದೆ, ಹೊರಗಿನಿಂದ ಏನೂ ಒಳಬರದಂತೆ ಮುಚ್ಚಿಕೊಳ್ಳುತ್ತದೆ. ಮೇಸ್ತ್ರಿ ಬಂಪರ್ ಬಿಚ್ಚಿದಾಗ ಅದರೊಳಗೆ ಒಂದು ಬುಟ್ಟಿಯಷ್ಟು ಕೆಮ್ಮಣ್ಣು, ಕೊಳೆತ ಎಲೆ. ಹಿಂದಿನ ರಿಪೇರಿಯಲ್ಲಿ ಬಂಪರ್ ತೆಗೆದು ಹಾಕುವಾಗ ಕಿಂಡಿಯ ಚೌಕಟ್ಟಿನ ಒಂದು ಕ್ಲಿಪ್ಪು ಮುರಿದಿತ್ತು, ಸುತ್ತಲಿನ ಸ್ಪಂಜು ಇರಲೇ ಇಲ್ಲ. ಗಾಲಿ ಎರಚುವ ರಸ್ತೆಯ ನೀರು ಆ ಸಂದಿನಿಂದ ನೇರವಾಗಿ ಒಳಗೆ ಬರುತ್ತಿತ್ತು.

ಕಿಂಡಿಯನ್ನೇ ಮುಚ್ಚಿಬಿಡೋಣ ಎಂದು ಯಾರಿಗಾದರೂ ತೋಚುತ್ತದೆ. ಹಾಗೆ ಮಾಡಿದರೆ ಒಳಗಿನ ಆವಿ ಹೊರಗೆ ಹೋಗದೆ ಗಾಜಿಗೆ ಮಂಜು ಕಟ್ಟುವುದು ಹೆಚ್ಚುತ್ತದೆ, ಬಾಗಿಲು ಹಾಕಲೂ ಬಲ ಬೇಕಾಗುತ್ತದೆ. ಹೊಸ ಚೌಕಟ್ಟು ತರಿಸಿ, ಸುತ್ತ ಸ್ಪಂಜು ಅಂಟಿಸಿ, ರೆಕ್ಕೆಗಳು ಸಡಿಲವಾಗಿ ಆಡುವುದನ್ನು ಬೆರಳಿನಿಂದ ನೋಡಿ ಕೂರಿಸಿದೆವು. ಅದೇ ರೀತಿ, ಸ್ಟೆಪ್ನಿ ಗುಂಡಿಯ ತಳದಲ್ಲಿರುವ ರಬ್ಬರ್ ಬಿರಡೆಯನ್ನು ಕಿತ್ತು ನೀರು ಹೋಗಲು ಬಿಡಿ ಎಂಬ ಸಲಹೆಯನ್ನು ನನಗೆ ಐದಾರು ಜನ ಕೊಟ್ಟಿದ್ದರು. ತೋಡಿ ಒರೆಸುವಾಗ ಒಂದು ಗಂಟೆ ತೆಗೆದಿಡುವುದು ಬೇರೆ. ಖಾಯಂ ತೆಗೆದರೆ ಆ ತೂತಿನಿಂದಲೇ ಧೂಳು, ಕೆಸರು ಒಳಗೆ ಬರುತ್ತವೆ. ಸೈಲೆನ್ಸರಿನ ಹೊಗೆಯೂ ಬರಬಹುದು, ಅದು ಉಸಿರಿಗೆ ಅಪಾಯ. ಮೇಲಿನಿಂದ ಇಳಿಯುವ ನೀರು ತಗಡಿನ ಮಡಿಕೆಗಳನ್ನು ತುಕ್ಕು ಹಿಡಿಸುವುದಂತೂ ನಿಲ್ಲುವುದಿಲ್ಲ.

ಉಳಿದದ್ದು ಮೂತಿ ಮೇಲಕ್ಕೆ ನಿಂತಾಗಿನ ಸೋರಿಕೆ. ಇದೇ ಎಲ್ಲಕ್ಕಿಂತ ಕಷ್ಟದ್ದಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಕಾರಿನ ಛಾವಣಿ 2 ಚದರ ಮೀಟರ್ ಎಂದಿಟ್ಟುಕೊಂಡರೆ, 100 ಮಿಲಿಮೀಟರ್ ಮಳೆಯಾದ ದಿನ ಅದರ ಮೇಲಿಂದ 200 ಲೀಟರ್ ನೀರು ಇಳಿಯುತ್ತದೆ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ಲೆಕ್ಕದಲ್ಲಿ ಅಲ್ಲಿ ಬಯಲಲ್ಲಿ ನಿಲ್ಲುವ ಒಂದು ಕಾರಿನ ಛಾವಣಿ ವರ್ಷಕ್ಕೆ 14,000 ಲೀಟರ್ ನೀರನ್ನು ಹೊರುತ್ತದೆ. ಆ ನೀರಿನಲ್ಲಿ ದೊಡ್ಡ ಪಾಲು ಛಾವಣಿಯ ಎರಡೂ ಬದಿಯಲ್ಲಿ, ಕಪ್ಪು ಪಟ್ಟಿಯ ಅಡಿಯಲ್ಲಿರುವ ಹರಣಿಯಂಥ ಕಾಲುವೆಗಳಲ್ಲಿ ಹರಿಯುತ್ತದೆ. ಮೂತಿ ಮೇಲಿದ್ದರೆ ಎಲ್ಲ ನೀರೂ ಹಿಂದಕ್ಕೆ.

ಆ ಕಪ್ಪು ಪಟ್ಟಿಯನ್ನು ಎಡಬದಿಯಲ್ಲಿ ಮೆಲ್ಲಗೆ ಎಬ್ಬಿಸಿದೆವು. ಛಾವಣಿಯ ತಗಡು ಮತ್ತು ಪಕ್ಕದ ತಗಡು ಬೆಸುಗೆಯಾಗಿ ಕೂಡುವ ಗೆರೆಯ ಮೇಲೆ ಹಚ್ಚಿದ ಸೀಲರ್, ಹಿಂಗಾಜಿನ ಮೇಲ್ಮೂಲೆಯ ಹತ್ತಿರ, ಬೇಸಿಗೆಯ ಕೆರೆಯ ತಳದಂತೆ ಬಿರಿದಿತ್ತು. ಬರಿಗಣ್ಣಿಗೆ ಅದು ಕೂದಲೆಳೆ. ಅದರಿಂದಲೇ ನೀರು ಹೋಗುತ್ತದೆಂದು ಖಚಿತಪಡಿಸಿಕೊಳ್ಳಲು ಮೇಸ್ತ್ರಿ ಒಂದು ಉಪಾಯ ಮಾಡಿದರು. ಎಲ್ಲ ಗಾಜು ಏರಿಸಿ, ಬ್ಲೋವರನ್ನು ಹೊರಗಾಳಿಗೆ ಇಟ್ಟು ಪೂರ್ತಿ ಜೋರು ಮಾಡಿ, ಕಿಂಡಿಗಳಿಗೆ ಸ್ವಲ್ಪ ಹೊತ್ತು ಟೇಪು ಹಚ್ಚಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಶ್ಶಿನಿಂದ ಆ ಗೆರೆಯ ಮೇಲೆ ಸವರಿದರು. ಕಾರಿನ ಒಳಗಿನ ಗಾಳಿ ಒತ್ತಡಕ್ಕೆ ಬಿರುಕಿನಿಂದ ಹೊರಬಂದು, ಮೂರು ಕಡೆ ಸಾಲಾಗಿ ಸಣ್ಣ ಗುಳ್ಳೆಗಳು ಎದ್ದವು. "ನೋಡಿ ಮೇಷ್ಟ್ರೇ, ಇಲ್ಲಿ ಗಾಳಿ ಹೊರಗೆ ಬರ್ತದೆ ಅಂದ್ರೆ ನೀರು ಒಳಗೆ ಹೋಗ್ತದೆ" ಎಂದು, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿದರು. ಅಪ್ಪಯ್ಯನ ಇದ್ದಿಲ ಗೆರೆಯೇ ಅದು.

ಮಳೆಗಾಲದ ನಡುವೆ ಈ ಕೆಲಸ ಮಾಡುವುದು ಸುಲಭವಲ್ಲ. ಆಶ್ಲೇಷ ಮಳೆ ಎರಡು ದಿನ ಬಿಡುವು ಕೊಡುವವರೆಗೂ ಗೆರೆಯ ಮೇಲೆ ಟೇಪು ಹಚ್ಚಿ, ಕಾರನ್ನು ಕೊಟ್ಟಿಗೆಯಲ್ಲಿ ಮೂತಿ ಕೆಳಕ್ಕೆ ನಿಲ್ಲಿಸಿ ಕಾದೆವು. ಆಮೇಲೆ ಹಳೆಯ ಸೀಲರನ್ನು ಗಟ್ಟಿ ತಗಡು ಸಿಗುವವರೆಗೆ ಕೆರೆದು, ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಬಿಸಿಗಾಳಿ ಹಿಡಿದು ಒಳಗಿನ ಪಸೆಯನ್ನು ಆರಿಸಿ, ಸತುವಿನ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಪಾಲಿಯುರೆಥೇನ್ ಸೀಲರನ್ನು ಎಳೆದರು. ಈ ಸೀಲರ್ ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುತ್ತದೆ. ಹಚ್ಚುವ ಜಾಗ ಒಣಗಿದ್ದರೆ ಸಾಕು, ಮಲೆನಾಡಿನ ಹವೆ ಅದಕ್ಕೆ ಅಡ್ಡಿಯಲ್ಲ. ಮಾರನೆಯ ದಿನ ಬಣ್ಣ, ಅದರ ಮೇಲೆ ಕಪ್ಪು ಪಟ್ಟಿ. ಎರಡು ದಿನದ ಕೆಲಸಕ್ಕೆ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆ. ಅವರು ಬೇಡವೆಂದರೂ ಕೊಟ್ಟೆ.

ಹೊದಿಕೆಗಳನ್ನು ನಾನು ಕೂಡಲೇ ಹಾಕಲಿಲ್ಲ. ಬರಿಯ ತಗಡಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಮಘೆ ಮಳೆ ಮುಗಿಯುವವರೆಗೂ ಓಡಾಡಿದೆ. ಕಾಗದಕ್ಕೆ ಒಂದು ಹನಿ ತಾಗಿದರೂ ಒಣಗಿದ ಮೇಲೆ ಅಂಚಿನಲ್ಲಿ ಕಂದು ಬಳೆ ಉಳಿಯುವುದರಿಂದ ಅದು ಸುಳ್ಳು ಹೇಳುವುದಿಲ್ಲ. ಮೂತಿ ಮೇಲಕ್ಕೆ ನಿಲ್ಲಿಸಿದೆ, ಕೆಳಕ್ಕೆ ನಿಲ್ಲಿಸಿದೆ, ಘಾಟಿ ಇಳಿದು ಹತ್ತಿದೆ. ಸೆಪ್ಟೆಂಬರಿನಲ್ಲಿ ಪತ್ರಿಕೆಯನ್ನು ತೆಗೆದು ಜಗಲಿಯಲ್ಲಿ ಬಿಡಿಸಿದಾಗ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಹಾಳೆ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದರು. ಬಳೆ ಎಲ್ಲೂ ಇರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವವರು ಮನೆಗೆ ಬಂದ ದಿನವೇ ಕಾರಿನ ಕಪ್ಪು ಪಟ್ಟಿಯನ್ನೂ ಎಬ್ಬಿಸಿ ನೋಡಿದೆ. ಎಡಗಡೆಯ ಸೀಲರ್ ಹಚ್ಚಿದ ಹಾಗೆಯೇ ಇದೆ. ಬಲಗಡೆ, ಕಾರ್ಖಾನೆಯ ಹಳೆಯ ಸೀಲರಿನಲ್ಲಿ, ಹಿಂಗಾಜಿನ ಮೇಲ್ಮೂಲೆಯಲ್ಲಿ ಉಗುರು ತಾಗುವಷ್ಟು ಸಣ್ಣ ಗೀರು ಕಂಡಿತು. ಪೆನ್ಸಿಲಿನಿಂದ ಗುರುತು ಮಾಡಿಟ್ಟಿದ್ದೇನೆ. ಮೃಗಶಿರಾ ಮಳೆಗೆ ಇನ್ನೂ ಹದಿನೈದು ದಿನವಿದೆ, ಮೇಸ್ತ್ರಿ ಗುರುವಾರ ಬಾ ಎಂದಿದ್ದಾರೆ.